ಚಿಮ್ಮುಹಲಗೆಯ ಪಂದ್ಯವೂ ನಮ್ಮ ಭೀಮಾತೀರವೂ

2025ನೆಯ ಇಸವಿಯ ಜುಲೈ–ಆಗಸ್ಟ್ ತಿಂಗಳುಗಳಲ್ಲಿ ಸಿಂಗಾಪುರದಲ್ಲಿ ಜರುಗಿದ ವಿಶ್ವ ಜಲಕ್ರೀಡಾ ಕೂಟದಲ್ಲಿ ಸ್ತ್ರೀಯರ ಮೂರು ಮೀಟರ್ ಸ್ಪ್ರಿಂಗ್‌ಬೋರ್ಡ್ ಪಂದ್ಯವನ್ನು ಚೀನ ದೇಶದ ಚೆನ್ ಯಿವೆನ್ ಎಂಬಾಕೆಯು ಗೆದ್ದಳು. ಎರಡನೆಯ ಸ್ಥಾನವೂ ಆಕೆಯ ದೇಶದವಳಿಗೇ ಸಂದಿತು, ಮೂರನೆಯದು ಇಟಲಿಗೆ. ನಮ್ಮ ಪತ್ರಿಕೆಗಳು ಕ್ರಿಕೆಟ್ಟಿನ ಅಂಕಿಗಳನ್ನು ಅಚ್ಚು ಹಾಕಿ ಉಳಿದ ಸ್ಥಳದಲ್ಲಿ ಈ ಸುದ್ದಿಯನ್ನು ಎರಡು ಸಾಲಿನಲ್ಲಿ ಮುಗಿಸಿದವು. ನಾವೂ ಆ ತಪ್ಪಿಗೆ ಹೊರಗಿನವರಲ್ಲ. ಗೆದ್ದವರ ಪಟ್ಟಿಯಲ್ಲಿ ಭಾರತದ ಹೆಸರು ಇರಲಿಲ್ಲವಾದ್ದರಿಂದ ಅದು ನಮಗೆ ಸಂಬಂಧಿಸಿದ ವಿಷಯವೇ ಅಲ್ಲವೆಂದು ವಾಚಕರೂ ಪುಟ ತಿರುವಿದರು. ಆದರೆ ಅದೇ ವರ್ಷದ ಸೆಪ್ಟೆಂಬರ್ 28ರಿಂದ ಅಕ್ಟೋಬರ್ 11ರ ವರೆಗೆ ಏಷ್ಯಾ ಖಂಡದ ಜಲಕ್ರೀಡಾ ಕೂಟವು ಅಹಮದಾಬಾದಿನಲ್ಲಿ ನೆರೆಯಿತು. ಭಾರತದ ನೆಲದಲ್ಲಿ ಈ ಕೂಟವು ಸೇರಿದ್ದು ಅದೇ ಮೊದಲು. ಈಜಿನೊಡನೆ ಡೈವಿಂಗೂ ಅದರಲ್ಲಿ ಇದ್ದಿತು. ಪಂದ್ಯವು ನಮ್ಮ ಮನೆಯ ಅಂಗಳಕ್ಕೇ ಬಂದ ಮೇಲೆ, ಅದರಲ್ಲಿ ನಮ್ಮ ಹೆಣ್ಣುಮಕ್ಕಳ ಸ್ಥಾನವೇನು, ಮುಖ್ಯವಾಗಿ ಹಿಂದುಳಿದುದೆಂದು ಹೆಸರಾದ ನಮ್ಮ ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಗೆ ಅದರಲ್ಲಿ ಏನಾದರೂ ಪಾಲುಂಟೇ ಎಂದು ಕೇಳುವದು ಅಪ್ರಸ್ತುತವಾಗಲಾರದು.

ಈ ಪ್ರಶ್ನೆಯು ನಮ್ಮ ಮನಸ್ಸಿನಲ್ಲಿ ಹುಟ್ಟಿದ್ದು ಸಿಂಗಾಪುರದ ಸುದ್ದಿಯಿಂದಲ್ಲ; ಅಬ್ಬೆತುಮಕೂರಿನ ಒಂದು ಬಾವಿಯಿಂದ. ಬೇಸಿಗೆಯಲ್ಲೊಮ್ಮೆ ವಿಶ್ವಾರಾಧ್ಯರ ಮಠಕ್ಕೆ ಹೋಗಿ ಯಾದಗಿರಿಗೆ ಮರಳುವಾಗ ದಾರಿಯ ಬದಿಯ ಹೊಲದಲ್ಲಿ ನೆರಳು ಕಂಡು ನಿಂತೆವು. ಬಾವಿಯ ಕಟ್ಟೆಯ ಮೇಲೆ ಹತ್ತು–ಹನ್ನೆರಡು ಗಂಡುಹುಡುಗರು ಸರದಿಯಂತೆ ನಿಂತು ನೀರಿಗೆ ಧುಮುಕುತ್ತಿದ್ದರು. ಒಬ್ಬನ ಬೆನ್ನಿಗೆ ಸೋರೆಬುರುಡೆ ಕಟ್ಟಿತ್ತು, ಇನ್ನೊಬ್ಬನು ಮೊಣಕಾಲು ಅವುಚಿಕೊಂಡು ಗುಂಡಿನಂತೆ ಬಿದ್ದು ಕಟ್ಟೆಯವರೆಲ್ಲರ ಮೇಲೆ ನೀರು ಚಿಮ್ಮಿಸಿದನು. ಹುಡುಗಿಯರು ಅರಿವೆ ಒಗೆಯುವ ಕಲ್ಲಿನ ಹತ್ತಿರ ಕುಳಿತು ನೋಡುತ್ತಿದ್ದರು. ಹುಡುಗರು ದಣಿದು ಮಾವಿನ ಮರದ ಕಡೆಗೆ ಹೋದದ್ದೇ ತಡ, ಸುಮಾರು ಹತ್ತು ವರ್ಷದ ಒಬ್ಬ ಹುಡುಗಿಯು ಲಂಗವನ್ನು ಕಚ್ಚೆಯಂತೆ ಬಿಗಿದು, ಕಟ್ಟೆಯೇರಿ, ಗಾಳಿಯಲ್ಲಿ ಒಂದು ಪೂರ್ತಿ ಲಾಗ ಹಾಕಿ, ಕೈ ಮುಂದಾಗಿ ನೀರನ್ನು ಸೇರಿದಳು. ನೀರು ಹೆಚ್ಚು ಸದ್ದು ಮಾಡಲಿಲ್ಲ. ಅಜ್ಜಿಯು ಕಲ್ಲಿನ ಬಳಿಯಿಂದ ಕೂಗಿದಳು: "ಏ ಹುಡುಗಿ, ಮ್ಯಾಲ ಬಾ! ಹೆಣ್ಣುಹುಡುಗಿ ಬಾವ್ಯಾಗ ಜಿಗದ್ರ ಮಂದಿ ಏನಂತಾರ?" ಕೆಳಗಿನಿಂದ ಉತ್ತರ ಬಂದಿತು: "ಮಂದಿ ಎಲ್ಲಿ ಅದಾರ ಆಯಿ, ನೀ ಒಬ್ಬಾಕಿ ಅದಿ." ನಮ್ಮನ್ನು ಆಕೆಯು ಮಂದಿಯಲ್ಲಿ ಎಣಿಸಲಿಲ್ಲವೆಂದು ನಮಗೆ ಸಂತೋಷವೇ ಆಯಿತು.

ಅಜ್ಜಿಯ ಮಾತನ್ನು ಮೂಢತನವೆಂದು ತಳ್ಳಿಹಾಕುವದು ಸುಲಭ. ಆದರೆ ನಮ್ಮ ಭಾಷೆಯಲ್ಲಿ ಹೆಂಗಸು 'ಬಾವಿ ಬಿದ್ದಳು' ಎಂದರೆ ಏನರ್ಥವಾಗುವದೆಂಬದನ್ನು ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗಂಡಸು ಬಾವಿಗೆ ಜಿಗಿದರೆ ಈಜು; ಹೆಂಗಸು ಜಿಗಿದರೆ ಪೊಲೀಸರ ಪಂಚನಾಮೆ. ತಲೆತಲಾಂತರದಿಂದ ನೀರು ಹೊರುವ ಕೆಲಸವೆಲ್ಲ ಹೆಂಗಸರ ಪಾಲಿಗೆ ಬಂದಿದ್ದರೂ ನೀರಿನಲ್ಲಿ ಆಡುವ ಹಕ್ಕು ಅವರದಾಗಲಿಲ್ಲ. ಈ ಸ್ಥಿತಿಯಿಂದ ಹೊರಟು ಚೆನ್ ಯಿವೆನ್‌ಳ ಹಲಗೆಯನ್ನು ಮುಟ್ಟುವದು ಎಷ್ಟು ದೂರವೆಂಬದನ್ನು ಅಳೆಯಬೇಕಾದರೆ ಮೊದಲು ಆ ಪಂದ್ಯವು ಏನೆಂಬದನ್ನು ತಿಳಿಯಬೇಕು.

ಸ್ಪ್ರಿಂಗ್‌ಬೋರ್ಡ್ ಎಂದರೆ ಚಿಮ್ಮುವ ಹಲಗೆ. ಸುಮಾರು ಐದು ಮೀಟರು ಉದ್ದ, ಅರ್ಧ ಮೀಟರು ಅಗಲದ ಅಲ್ಯೂಮಿನಿಯಂ ಮಿಶ್ರಲೋಹದ ಈ ಹಲಗೆಯು ಒಂದು ತುದಿಯಲ್ಲಿ ಬಿಗಿದಿದ್ದು ನೀರಿನ ಕಡೆಯ ತುದಿಯಲ್ಲಿ ಸ್ವತಂತ್ರವಾಗಿರುವದು. ನೀರಿನ ಮಟ್ಟದಿಂದ ಒಂದು ಮೀಟರು ಅಥವಾ ಮೂರು ಮೀಟರು ಎತ್ತರದಲ್ಲಿ ಅದನ್ನು ಹೂಡುತ್ತಾರೆ. ಸ್ಪರ್ಧಿಯು ಅಳೆದಿಟ್ಟ ಹೆಜ್ಜೆಗಳಲ್ಲಿ ತುದಿಗೆ ಬಂದು, ಹಾರಿ ಅದನ್ನು ತುಳಿದಾಗ, ಬಾಗಿದ ಹಲಗೆಯು ಆಕೆಯನ್ನು ಮೇಲಕ್ಕೆ ಎಸೆಯುವದು. ಅಲ್ಲಿಂದ ನೀರು ಮುಟ್ಟುವ ವರೆಗೆ ಆಕೆಗೆ ದೊರೆಯುವ ಕಾಲ ಸುಮಾರು ಒಂದೂವರೆ ಸೆಕೆಂಡು. ಅಷ್ಟರಲ್ಲಿ ಎರಡೂವರೆ–ಮೂರೂವರೆ ಲಾಗಗಳನ್ನು ಹಾಕಿ, ಬೇಕಾದರೆ ಮೈಯನ್ನು ತಿರುಚಿ, ಮತ್ತೆ ನೂಲಿನಂತೆ ನೆಟ್ಟಗಾಗಿ, ತಾಸಿಗೆ ಮೂವತ್ತು ಕಿಲೋಮೀಟರಿಗೂ ಮೀರಿದ ವೇಗದಲ್ಲಿ ನೀರನ್ನು ಸೀಳಿಕೊಂಡು ಹೋಗಬೇಕು. ಮೂರು ಮೀಟರಿನ ಪಂದ್ಯದಲ್ಲಿ ಸ್ತ್ರೀಯರು ಐದು ಬಗೆಯ ಐದು ಜಿಗಿತಗಳನ್ನು ತೋರಿಸುತ್ತಾರೆ. ಮುಂದಕ್ಕೆ ಉರುಳುವದು ಒಂದು, ಬೆನ್ನು ಮಾಡಿ ನಿಂತು ಹಿಂದಕ್ಕೆ ಉರುಳುವದು ಇನ್ನೊಂದು. ಮುಂದಕ್ಕೆ ಚಿಮ್ಮಿದರೂ ಹಲಗೆಯ ಕಡೆಗೆ ಹಿಮ್ಮೊಗವಾಗಿ ಉರುಳುವದು ಮೂರನೆಯದು. ಬೆನ್ನು ಮಾಡಿ ನಿಂತು ಹಲಗೆಯ ಕಡೆಗೇ ಬಾಗಿ ಉರುಳುವದು ನಾಲ್ಕನೆಯದು. ಮೈ ತಿರುಚುವದು ಐದನೆಯದು. ಮೂರನೆಯ ಮತ್ತು ನಾಲ್ಕನೆಯ ಬಗೆಗಳಲ್ಲಿ ತಲೆಯು ಹಲಗೆಯ ತುದಿಯ ತೀರ ಹತ್ತಿರದಿಂದ ಹಾಯುವದರಿಂದ ಅನುಭವಿಗಳಿಗೂ ಎದೆ ನಡುಗುವದು.

ಅಂಕ ಹಾಕುವ ಕ್ರಮವು ಅಧಿಕಾರಿವರ್ಗದ ನಮ್ಮ ವಾಚಕರಿಗೆ ರುಚಿಸಬಹುದಾದ್ದರಿಂದ ಅದನ್ನೂ ಹೇಳುತ್ತೇವೆ. ಏಳು ಜನ ತೀರ್ಪುಗಾರರು ಸೊನ್ನೆಯಿಂದ ಹತ್ತರ ವರೆಗೆ ಅರ್ಧರ್ಧ ಅಂಕದ ಲೆಕ್ಕದಲ್ಲಿ ಗುಣ ಕೊಡುತ್ತಾರೆ. ಎಲ್ಲಕ್ಕಿಂತ ಹೆಚ್ಚಿನ ಎರಡನ್ನೂ ಎಲ್ಲಕ್ಕಿಂತ ಕಡಿಮೆಯ ಎರಡನ್ನೂ ಹೊಡೆದುಹಾಕಿ, ನಡುವಿನ ಮೂರನ್ನು ಕೂಡಿಸಿ, ಆ ಜಿಗಿತದ ಕಾಠಿಣ್ಯಕ್ಕೆ ಗೊತ್ತಾಗಿರುವ ಸಂಖ್ಯೆಯಿಂದ ಗುಣಿಸುತ್ತಾರೆ. ಉಳಿದ ಮೂರು ಗುಣಗಳು 8, 8, 7.5 ಎಂದಾದರೆ ಮೊತ್ತ 23.5, ಕಾಠಿಣ್ಯವು 3.0 ಆಗಿದ್ದರೆ ಆ ಜಿಗಿತಕ್ಕೆ 70.5. ಇಂಥ ಐದು ಜಿಗಿತಗಳಿಗೆ 352.5. ಪ್ಯಾರಿಸಿನ 2024ರ ಒಲಿಂಪಿಕ್ ಪಂದ್ಯದಲ್ಲಿ ಚೆನ್ ಯಿವೆನ್‌ಳಿಗೆ ಬಂದದ್ದು 376.00; ಆಸ್ಟ್ರೇಲಿಯದ ಮ್ಯಾಡಿಸನ್ ಕೀನಿಗೆ 343.10, ಚೀನದ ಚಾಂಗ್ ಯಾನಿಗೆ 318.75. ಒಬ್ಬ ತೀರ್ಪುಗಾರನ ಪ್ರೀತಿಯಾಗಲಿ ಇನ್ನೊಬ್ಬನ ದ್ವೇಷವಾಗಲಿ ಲೆಕ್ಕಕ್ಕೆ ಬಾರದಂತೆ ಮಾಡುವ ಈ ಉಪಾಯವನ್ನು ನೌಕರಿಗಳ ಸಂದರ್ಶನ ಸಮಿತಿಗಳಿಗೂ ಹಚ್ಚಿದರೆ ಹೇಗಿದ್ದೀತೆಂದು ನಮಗೆ ಆಗಾಗ ಅನ್ನಿಸಿದೆ. ಆದರೆ ಅದು ಬೇರೆ ದಿನದ ಲೇಖನ.

ಈ ಲೆಕ್ಕದಲ್ಲಿ ಧೈರ್ಯಕ್ಕೆ ಪ್ರತ್ಯೇಕವಾದ ಅಂಕವಿಲ್ಲ. ಟೋಕಿಯೋದಲ್ಲಿ 2021ರಲ್ಲಿ ನಡೆದ ಒಲಿಂಪಿಕ್ ಉಪಾಂತ್ಯ ಪಂದ್ಯದಲ್ಲಿ ಕೆನಡಾದ ಪಮೇಲಾ ವೇರ್ ಕೊನೆಯ ಜಿಗಿತಕ್ಕೆ ಹೆಜ್ಜೆ ಹಾಕಿದಳು. ಹಲಗೆಯನ್ನು ತುಳಿದ ಆ ಕ್ಷಣದಲ್ಲಿ ಲಯ ತಪ್ಪಿತು. ಲಾಗ ಹಾಕದೆ ಕಾಲು ಮುಂದಾಗಿ ನೀರಿಗೆ ಇಳಿದಳು. ಬಂದ ಅಂಕ ಸೊನ್ನೆ. ಸ್ಥಾನ ಹದಿನೆಂಟರಲ್ಲಿ ಹದಿನೆಂಟನೆಯದು. ಆಕೆಯು ಹೇಡಿಯಲ್ಲ. ವರ್ಷಗಟ್ಟಲೆ ದಿನದಿನವೂ ಹಲಗೆಯ ಮೇಲೆ ನಿಂತವಳು. ಅಂಥವಳಿಗೇ ಒಂದು ತುಳಿತದ ವ್ಯತ್ಯಾಸವು ಇಷ್ಟು ದುಬಾರಿಯಾದರೆ, ಹಲಗೆಯನ್ನೇ ನೋಡದವಳ ಗತಿಯೇನು? 'ನಮ್ಮ ಹಳ್ಳಿಯ ಹುಡುಗಿಯರಿಗೆ ಎಂಥ ಧೈರ್ಯ!' ಎಂದು ಹೊಗಳಿ ಸುಮ್ಮನಾಗುವವರು ಇದನ್ನು ಯೋಚಿಸಬೇಕು.

ಸ್ತ್ರೀಯರ ಸ್ಪ್ರಿಂಗ್‌ಬೋರ್ಡ್ ಪಂದ್ಯವು ಒಲಿಂಪಿಕ್ಕಿಗೆ ಸೇರಿದ್ದು 1920ರಲ್ಲಿ, ಆಂಟ್ವರ್ಪ್ ನಗರದಲ್ಲಿ. ಗೆದ್ದವಳು ಹದಿನಾಲ್ಕು ವರ್ಷದ ಅಮೇರಿಕದ ಬಾಲಿಕೆ ಐಲೀನ್ ರಿಗಿನ್. 1936ರಲ್ಲಿ ಬರ್ಲಿನಿನಲ್ಲಿ ಗೆದ್ದ ಮಾರ್ಜೊರಿ ಗೆಸ್ಟ್ರಿಂಗ್‌ಳಿಗೆ ಹದಿಮೂರೇ ವರ್ಷ. 1956ರ ವರೆಗೆ ಈ ಪಂದ್ಯದ ಪ್ರತಿಯೊಂದು ಚಿನ್ನವೂ ಅಮೇರಿಕಕ್ಕೇ ಹೋಯಿತು. 1960ರಲ್ಲಿ ರೋಮಿನಲ್ಲಿ ಜರ್ಮನಿಯ ಇಂಗ್ರಿಡ್ ಕ್ರೇಮರ್ ಆ ಸರಪಳಿಯನ್ನು ಕಡಿದಳು. ಈ ಪಟ್ಟಿಯಲ್ಲಿ ನಾವು ತಡೆದು ನಿಲ್ಲುವದು 1948ರ ಲಂಡನ್ ಕೂಟದ ಹೆಸರಿನ ಬಳಿ. ವಿಕಿ ಡ್ರೇವ್ಸ್ ಎಂಬಾಕೆಯು ಹಲಗೆಯ ಪಂದ್ಯವನ್ನೂ ಹತ್ತು ಮೀಟರಿನ ಕಟ್ಟೆಯ ಪಂದ್ಯವನ್ನೂ ಒಂದೇ ಕೂಟದಲ್ಲಿ ಗೆದ್ದ ಮೊದಲನೆಯ ಸ್ತ್ರೀ. ತಂದೆ ಫಿಲಿಪೈನ್ಸ್ ದೇಶದವರು, ತಾಯಿ ಇಂಗ್ಲಿಷರು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಡೈವಿಂಗು ಕಲಿಯಲು ಹೋದಾಗ ಮನಾಲೋ ಎಂಬ ತಂದೆಯ ಹೆಸರು ನಡೆಯುವದಿಲ್ಲವೆಂದಾಗಿ, ತಾಯಿಯ ತವರಿನ ಟೇಲರ್ ಎಂಬ ಹೆಸರನ್ನು ಹೇಳಿಕೊಂಡು ನೀರಿಗೆ ಇಳಿಯಬೇಕಾಯಿತು. ತಂದೆಯ ಹೆಸರನ್ನು ದಂಡೆಯಲ್ಲಿ ಬಿಟ್ಟು ನೀರಿಗಿಳಿದವಳೇ ಆ ದೇಶಕ್ಕೆ ಎರಡು ಚಿನ್ನಗಳನ್ನು ತಂದಳು. ಇದನ್ನು ಓದಿ ಅಮೇರಿಕದವರನ್ನು ಹಳಿಯುವ ಮೊದಲು, ಮಹಾಡದ ಚವದಾರ ಕೆರೆಯ ನೀರನ್ನು ಮುಟ್ಟುವದಕ್ಕೆ 1927ರಲ್ಲಿ ಡಾ. ಅಂಬೇಡಕರರು ಸತ್ಯಾಗ್ರಹ ಹೂಡಬೇಕಾಯಿತೆಂಬದನ್ನು ನೆನೆಯುವದು ಲೇಸು. ಯಾರು ನೀರಿಗೆ ಇಳಿಯಬೇಕು, ಯಾರು ದಂಡೆಯ ಮೇಲೆ ನಿಲ್ಲಬೇಕು ಎಂಬ ಕಟ್ಟಳೆಗಳು ನಮ್ಮಲ್ಲಿ ಕಡಿಮೆಯಿದ್ದಿಲ್ಲ. ಎಲ್ಲವೂ ಹೋಗಿಬಿಟ್ಟಿವೆಯೆಂದು ಹೇಳುವ ಎದೆಗಾರಿಕೆ ನಮಗಿಲ್ಲ.

ಚೀನದ ಕಥೆಯು ಬೇರೆ. 1984ರಲ್ಲಿ ಈ ಪಂದ್ಯವನ್ನು ಕೆನಡಾದ ಸಿಲ್ವಿ ಬರ್ನಿಯೆ ಗೆದ್ದಳು. ಅಲ್ಲಿಂದ ಮುಂದೆ 1988ರಿಂದ 2024ರ ವರೆಗಿನ ಹತ್ತು ಒಲಿಂಪಿಕ್ ಕೂಟಗಳಲ್ಲಿ ಹತ್ತೂ ಚಿನ್ನಗಳು ಚೀನಕ್ಕೇ ಸಂದಿವೆ. ಗಾವ್ ಮಿನ್ ಎರಡು ಸಲ, ಫು ಮಿಂಗ್‌ಶಿಯಾ ಎರಡು ಸಲ, ಗುವೊ ಜಿಂಗ್‌ಜಿಂಗ್ ಎರಡು ಸಲ, ವು ಮಿನ್‌ಶಿಯಾ ಒಂದು ಸಲ, ಶಿ ಟಿಂಗ್‌ಮಾವ್ ಎರಡು ಸಲ, ಈಗ ಚೆನ್ ಯಿವೆನ್. ಒಬ್ಬಳು ಇಳಿಯುವ ಮೊದಲೇ ಇನ್ನೊಬ್ಬಳು ಏರಿ ನಿಂತಿರುವಳು. ಚೀನದ ನೀರಿನಲ್ಲೇನೂ ವಿಶೇಷವಿಲ್ಲ. ಮಕ್ಕಳನ್ನು ಐದಾರು ವರ್ಷದ ಪ್ರಾಯದಲ್ಲಿಯೇ ಶಾಲೆಗಳಿಂದ ಆರಿಸಿ, ಮೊದಲು ನೆಲದ ಮೇಲೆ, ಮೆತ್ತೆಯ ಮೇಲೆ, ಸೊಂಟಕ್ಕೆ ಹಗ್ಗ ಬಿಗಿದು ಲಾಗಗಳನ್ನು ಕಲಿಸಿ, ಸಾವಿರ ಸಲ ಒಣ ನೆಲದಲ್ಲಿ ಉರುಳಿದ ಮೇಲೆ ನೀರಿಗೆ ಬಿಡುವ ಪದ್ಧತಿಯು ಅವರದು. ಹತ್ತು ಮೀಟರಿನ ಕಟ್ಟೆಯಿಂದ 2021ರಲ್ಲಿ 466.20 ಅಂಕಗಳೊಡನೆ ಗೆದ್ದ ಹದಿನಾಲ್ಕು ವರ್ಷದ ಚುವಾನ್ ಹೊಂಗ್‌ಚಾನ್ ಗ್ವಾಂಗ್‌ಡಾಂಗ್ ಪ್ರಾಂತದ ಒಂದು ಬಡ ಒಕ್ಕಲಿನ ಮನೆಯವಳು. ಶಾಲೆಯ ಅಂಗಳದಲ್ಲಿ ಆಕೆ ಜಿಗಿದಾಡುವದನ್ನು ಒಬ್ಬ ತರಬೇತಿಗಾರನು ಕಂಡನು. ತಾಯಿಯ ಔಷಧಕ್ಕೆ ಹಣ ಗಳಿಸಬೇಕೆಂಬದೇ ತನ್ನ ಆಸೆಯೆಂದು ಆಕೆ ಗೆದ್ದ ಮೇಲೆ ಹೇಳಿದಳು. ಅಬ್ಬೆತುಮಕೂರಿನ ಹುಡುಗಿಗೂ ಆಕೆಗೂ ಇರುವ ಅಂತರವು ಆ ತರಬೇತಿಗಾರನು ಕಂಡ ಆ ಒಂದು ದಿನದ್ದು.

ಹಾಗೆಂದು ಚೀನದ ಪದ್ಧತಿಯನ್ನು ಇಡಿಯಾಗಿ ತಲೆಯ ಮೇಲೆ ಹೊತ್ತು ತರಬೇಕೆಂದು ನಾವು ಹೇಳುವದಿಲ್ಲ. ಫು ಮಿಂಗ್‌ಶಿಯಾ ಇನ್ನೂ ಚಿಕ್ಕ ಬಾಲಿಕೆಯಾಗಿದ್ದಾಗಲೇ ತಾಯಿತಂದೆಯರನ್ನು ಬಿಟ್ಟು ಬೀಜಿಂಗಿಗೆ ಹೋಗಬೇಕಾಯಿತು. ನೀರಿನ ಹೊಡೆತದಿಂದ ಗುವೊ ಜಿಂಗ್‌ಜಿಂಗ್‌ಳ ಕಣ್ಣುಗಳು ಕೆಟ್ಟವು. ಮಗುವಿನ ಬಾಲ್ಯವನ್ನು ಪದಕಕ್ಕೆ ಅಡವಿಡುವ ಹಕ್ಕು ಯಾವ ಸರಕಾರಕ್ಕೂ ಇಲ್ಲ. ಒಂದು ಮೀಟರಿನ ಪಂದ್ಯವನ್ನು ಸಿಂಗಾಪುರದಲ್ಲಿ ಗೆದ್ದವಳು ಆಸ್ಟ್ರೇಲಿಯದ ಮ್ಯಾಡಿಸನ್ ಕೀನಿಯೇ ಎಂಬದನ್ನೂ ಗಮನಿಸಬೇಕು. ಮಕ್ಕಳನ್ನು ಮನೆಯಿಂದ ಕಿತ್ತುಕೊಳ್ಳದೆಯೂ ಚೀನವನ್ನು ಸರಿಗಟ್ಟಬಹುದೆಂಬದಕ್ಕೆ ಆಕೆಯೇ ಸಾಕ್ಷಿ.

ಇನ್ನು ನಮ್ಮ ಸಂಗತಿ. ಸ್ವತಂತ್ರ ಭಾರತವು 1951ರಲ್ಲಿ ದಿಲ್ಲಿಯಲ್ಲಿ ಮೊದಲನೆಯ ಏಷ್ಯಾ ಕ್ರೀಡಾಕೂಟವನ್ನು ನಡೆಸಿದಾಗ ಡೈವಿಂಗಿನ ಎರಡು ಚಿನ್ನಗಳನ್ನೂ ಗೆದ್ದವರು ನಮ್ಮ ಕೆ. ಪಿ. ಠಕ್ಕರರು. ಈ ಮಾತನ್ನು ಇಂದಿನ ತರುಣರು ನಂಬಲಿಕ್ಕಿಲ್ಲ. ಆದರೆ ಆ ಕೂಟದಲ್ಲಿ ಹೆಂಗಸರಿಗೆ ಓಟ, ಎಸೆತ, ಜಿಗಿತಗಳ ಬಯಲಿನ ಪಂದ್ಯಗಳು ಮಾತ್ರ ಇದ್ದವು, ನೀರು ಗಂಡಸರದಾಗಿತ್ತು. ಠಕ್ಕರರ ಹಿಂದೆ ಗಂಡಸರ ಸಾಲೂ ಬೆಳೆಯಲಿಲ್ಲ, ಹೆಂಗಸರ ಸಾಲಂತೂ ಹುಟ್ಟಲೇ ಇಲ್ಲ. ಒಲಿಂಪಿಕ್ ಡೈವಿಂಗಿನ ಹಲಗೆಯನ್ನು ಭಾರತದ ಹೆಣ್ಣುಮಗಳೊಬ್ಬಳೂ ಈವರೆಗೆ ಏರಿಲ್ಲ.

ಕರ್ನಾಟಕದ ಹೆಣ್ಣುಮಕ್ಕಳು ನೀರಿಗೆ ಹೊಸಬರೇನೂ ಅಲ್ಲ. ನಿಶಾ ಮಿಲೆಟ್ ಅವರು 2000ದಲ್ಲಿ ಸಿಡ್ನಿಯ ಒಲಿಂಪಿಕ್ಕಿನಲ್ಲಿಯೂ ಶಿಖಾ ಟಂಡನ್ ಅವರು 2004ರಲ್ಲಿ ಅಥೆನ್ಸಿನಲ್ಲಿಯೂ ಈಜಿದರು. 2024ರಲ್ಲಿ ಪ್ಯಾರಿಸಿಗೆ ಹೋದ ಧಿನಿಧಿ ದೇಸಿಂಗು ಹದಿನಾಲ್ಕು ವರ್ಷದ ಬಾಲಿಕೆ; ಭಾರತದ ತಂಡದಲ್ಲೆಲ್ಲ ಕಿರಿಯಳು. ಮೂವರೂ ಬೆಂಗಳೂರಿನವರು, ಮೂವರೂ ಈಜುಗಾರ್ತಿಯರು. 2019ರಲ್ಲಿ ಏಷ್ಯಾದ ಕಿರಿಯರ ಜಲಕ್ರೀಡಾ ಕೂಟವೂ ಬೆಂಗಳೂರಿನಲ್ಲಿಯೇ ನಡೆಯಿತು. ರಾಜಧಾನಿಗೆ ಇಷ್ಟೆಲ್ಲ ಬಂದಿತೆಂದು ನಮಗೆ ಹೊಟ್ಟೆಕಿಚ್ಚಿಲ್ಲ. ಆದರೆ ಬೆಂಗಳೂರಿನಿಂದ ಉತ್ತರಕ್ಕೆ ಬರುವ ರೈಲಿನಲ್ಲಿ ಈ ಸೌಕರ್ಯಗಳಲ್ಲಿ ಒಂದಾದರೂ ಯಾದಗಿರಿಯ ನಿಲ್ದಾಣದಲ್ಲಿ ಇಳಿದದ್ದನ್ನು ನಾವು ಕಂಡಿಲ್ಲ.

ಬೆಂಗಳೂರಿನ ಹೋಲಿಕೆಯೇ ಬೇಡವೆನ್ನುವವರಿಗಾಗಿ ಹತ್ತಿರದ ಇನ್ನೊಂದು ಊರನ್ನು ಹೆಸರಿಸುತ್ತೇವೆ: ಸೊಲ್ಲಾಪುರ. ಯಾದಗಿರಿಯಿಂದ ವಾಡಿ, ಕಲಬುರ್ಗಿಗಳ ಮೇಲೆ ರೈಲಿನಲ್ಲಿ ಸುಮಾರು 190 ಕಿಲೋಮೀಟರು. ಮಹಾರಾಷ್ಟ್ರಕ್ಕೆ ಸೇರಿದರೂ ಕನ್ನಡ ಮಾತಾಡುವ ಮನೆಗಳು ಸಾಕಷ್ಟಿರುವ, ಗಿರಣಿಗಳಿಗೂ ಚಾದರಗಳಿಗೂ ಹೆಸರಾದ, ಮಳೆ ಕಡಿಮೆಯ ಊರು. ಪಂಢರಪುರದಲ್ಲಿ ಚಂದ್ರಭಾಗೆಯೆನ್ನಿಸಿಕೊಳ್ಳುವ ಅದೇ ಭೀಮೆಯೇ ಆ ಜಿಲ್ಲೆಯನ್ನು ಹಾಯ್ದು, ಅಫಜಲಪುರದ ಸೀಮೆಯಿಂದ ಕೆಳಗಿಳಿದು, ಯಾದಗಿರಿಯ ಬದಿಯಲ್ಲಿ ಹರಿದು ಕೃಷ್ಣೆಯನ್ನು ಕೂಡುವದು. ಅಂಥ ಸೊಲ್ಲಾಪುರದಿಂದ ಹೃತಿಕಾ ಶ್ರೀರಾಮ್ ಅವರು ಬಂದರು. ರಾಷ್ಟ್ರೀಯ ಮಟ್ಟದ ಡೈವಿಂಗ್ ಪಂದ್ಯಗಳಲ್ಲಿ ಪದಕದ ಮೇಲೆ ಪದಕ ಗೆದ್ದರು. ಅವರ ಹಿಂದೆಯೇ ಅದೇ ಊರಿನಿಂದ ಈಶಾ ವಾಘಮೋಡೆ ಅವರು ಬಂದರು. ಒಂದೇ ಊರಿನಿಂದ ಒಂದೇ ಆಟಕ್ಕೆ ಇಬ್ಬರು ಬಂದರೆಂದರೆ ಅದು ದೈವಯೋಗವಲ್ಲ. ಅಲ್ಲಿ ಮಕ್ಕಳ ಕೈಗೆಟಕುವಷ್ಟು ದೂರದಲ್ಲಿ ಹಲಗೆಯಿತ್ತು, ಹಲಗೆಯ ಬಳಿ ನಿಂತು ಕಲಿಸುವವರಿದ್ದರು. ಒಂದೇ ನದಿಯ ಮೇಲಿನ ದಂಡೆಯಲ್ಲಿ ಆದದ್ದು ಕೆಳಗಿನ ದಂಡೆಯಲ್ಲಿ ಏಕಾಗಬಾರದು? ಅಲ್ಲಿ ಭೀಮೆಯೊಂದೇ, ನಮಗೆ ಭೀಮೆಯೂ ಉಂಟು, ಕೃಷ್ಣೆಯೂ ಉಂಟು.

ಕೃಷ್ಣೆಯ ಹೆಸರು ಬಂದಾಗ 2014ರ ಜುಲೈ ತಿಂಗಳಿನ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆವು. ಸುರಪುರ ತಾಲೂಕಿನ ನದಿಯ ನಡುಗಡ್ಡೆಯಲ್ಲಿ ವಾಸಿಸುತ್ತಿದ್ದ ತುಂಬು ಗರ್ಭಿಣಿಯೊಬ್ಬಳು, ಪ್ರವಾಹ ಬಂದು ದಾರಿ ಮುಚ್ಚಿದಾಗ, ಹೆರಿಗೆಯು ಆಸ್ಪತ್ರೆಯಲ್ಲಿಯೇ ಆಗಬೇಕೆಂದು ಹಟ ಹಿಡಿದು, ಮೈಗೆ ಒಣಗಿದ ಸೋರೆಬುರುಡೆಗಳನ್ನು ಕಟ್ಟಿಕೊಂಡು, ಮನೆಯ ಗಂಡಸರನ್ನು ಜೊತೆಗಿಟ್ಟುಕೊಂಡು, ತುಂಬಿ ಹರಿಯುವ ಹೊಳೆಯನ್ನು ಈಜಿ ದಾಟಿದಳು. ದೇಶವಿದೇಶಗಳ ಪತ್ರಿಕೆಗಳು ಆಕೆಯನ್ನು ಹೊಗಳಿದವು. ಹೊಗಳಿಕೆಯು ತಪ್ಪಲ್ಲ. ಆದರೆ ಅಂದು ಬಂದ ಬರಹಗಳಲ್ಲಿ ಸಾಹಸವೆಂಬ ಶಬ್ದವು ಎಷ್ಟು ಸಲ ಬಂದಿತೋ ಸೇತುವೆಯೆಂಬ ಶಬ್ದವು ಅಷ್ಟು ಸಲ ಬರಲಿಲ್ಲ. ಈ ಸೀಮೆಯ ಹೆಣ್ಣುಮಕ್ಕಳ ಧೈರ್ಯದ ಮೇಲೆ ಎಲ್ಲರೂ ಭಾರ ಹಾಕಿ ಕುಳಿತಿರುವದೇ ನಮ್ಮ ಇಲಾಖೆಗಳ ಹಳೆಯ ಚಾಳಿ. ಧೈರ್ಯವಿದ್ದವರಿಗೆ ಸೇತುವೆ ಬೇಡ, ಹಲಗೆ ಬೇಡ, ಕಲಿಸುವವರು ಬೇಡ ಎಂಬಂತೆ ವರ್ತಿಸುತ್ತಾರೆ. ಪಮೇಲಾ ವೇರಳ ಸೊನ್ನೆಯನ್ನು ನಾವು ಮೇಲೆ ಹೇಳಿದ್ದು ಇದಕ್ಕಾಗಿಯೇ. ಧೈರ್ಯವು ಇರುವಲ್ಲಿಯೇ ಕಲಿಕೆಯ ಅವಶ್ಯಕತೆಯು ಹೆಚ್ಚು.

ಇಲ್ಲಿ ಒಂದು ಆಕ್ಷೇಪಣೆಯು ಬರುವದು, ಅದು ಹಗುರವಾದದ್ದಲ್ಲ. 2024ರ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಯಾದಗಿರಿ ಜಿಲ್ಲೆಯು ಶೇಕಡಾ 50.59 ತೇರ್ಗಡೆಯೊಡನೆ ರಾಜ್ಯದಲ್ಲಿ ಎಲ್ಲಕ್ಕೂ ಕೊನೆಗೆ ನಿಂತಿತು. ಶಿಕ್ಷಕರಿಲ್ಲದ ಶಾಲೆಗಳು, ಬೇಸಿಗೆಯಲ್ಲಿ ಕುಡಿಯುವ ನೀರಿಗೆ ಕೊಡ ಹಿಡಿದು ನಿಲ್ಲುವ ಸಾಲುಗಳು, ದುಡಿಮೆ ಅರಸಿ ಮಕ್ಕಳನ್ನು ಕಟ್ಟಿಕೊಂಡು ದೊಡ್ಡ ಊರುಗಳಿಗೆ ಗುಳೆ ಹೋಗುವ ಸಂಸಾರಗಳು, ಇವುಗಳ ನಡುವೆ ಡೈವಿಂಗಿನ ಕೊಳವೆಂದರೆ ಹೊಟ್ಟೆಗೆ ಹಿಟ್ಟಿಲ್ಲದವನಿಗೆ ಜುಟ್ಟಿಗೆ ಮಲ್ಲಿಗೆಯಲ್ಲವೇ ಎಂದು ಕೇಳಬಹುದು. ಶಾಲೆಯ ಒಂದು ಕೋಣೆಯ ಹಣವನ್ನು ಕಿತ್ತು ಕೊಳಕ್ಕೆ ಹಾಕಿರೆಂದು ನಾವು ಹೇಳುತ್ತಿದ್ದರೆ ಈ ಆಕ್ಷೇಪಣೆಯು ಸರಿಯಾದದ್ದೇ. ಆದರೆ ಕ್ರೀಡಾಂಗಣಗಳಿಗೂ ಸಭಾಭವನಗಳಿಗೂ ಸ್ವಾಗತ ಕಮಾನುಗಳಿಗೂ ಹಣ ಹೊರಡುವಾಗ ಈ ಆಕ್ಷೇಪಣೆಯು ಯಾರ ಬಾಯಿಂದಲೂ ಬರುವದಿಲ್ಲ. ಹೆಣ್ಣುಮಕ್ಕಳ ಕೊಳವೆಂದಾಗ ಮಾತ್ರ ಮಿತವ್ಯಯದ ನೆನಪಾಗುವದು. ಇನ್ನೊಂದು ಮಾತು. ಪ್ರತಿ ಬೇಸಿಗೆಯಲ್ಲಿಯೂ ನಮ್ಮ ಜಿಲ್ಲೆಗಳ ಬಾವಿ, ಕಾಲುವೆ, ಕೃಷಿಹೊಂಡಗಳಲ್ಲಿ ಮಕ್ಕಳು ಮುಳುಗಿ ಸತ್ತ ಸುದ್ದಿಯು ಬಾರದೆ ಇರುವದಿಲ್ಲ. ಅರಿವೆ ಒಗೆಯಲು ಹೋದ ಹುಡುಗಿ, ಆಕೆಯನ್ನು ಎತ್ತಲು ಹೋದ ಅಕ್ಕ, ಇಬ್ಬರನ್ನೂ ಎತ್ತಲು ಹೋದ ತಾಯಿ, ಇಂಥ ಸುದ್ದಿಗಳನ್ನು ಅಚ್ಚು ಹಾಕಿ ನಮ್ಮ ಕೈ ಸೋತಿದೆ. ಜಗತ್ತಿನಲ್ಲಿ 2021ರಲ್ಲಿ ಮೂರು ಲಕ್ಷದಷ್ಟು ಜನರು ನೀರಿನಲ್ಲಿ ಮುಳುಗಿ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಈಜು ಬಾರದ ಹುಡುಗಿಯು ಹಲಗೆಯನ್ನು ಏರಲಾರಳು. ಆದ್ದರಿಂದ ಹಲಗೆಯ ಆಸೆ ತೋರಿಸಿದರೆ ನೂರು ಹುಡುಗಿಯರು ಮೊದಲು ಈಜು ಕಲಿಯುವರು. ಅವರಲ್ಲಿ ತೊಂಬತ್ತೊಂಬತ್ತು ಮಂದಿ ಯಾವ ಪದಕವನ್ನೂ ಗೆಲ್ಲಲಿಕ್ಕಿಲ್ಲ. ಗೆಲ್ಲದಿದ್ದರೂ ಬದುಕಿರುವರು.

ಉಡುಪಿನ ಮಾತನ್ನೂ ಎತ್ತುವವರಿದ್ದಾರೆ. ಅವರಿಗೆ ನಾವು ಹೆಚ್ಚು ಸ್ಥಳ ಕೊಡಲಾರೆವು. ಹೆಣ್ಣುಮಕ್ಕಳಿಗೆ ಪ್ರತ್ಯೇಕ ವೇಳೆ, ಕಲಿಸುವದಕ್ಕೆ ಸ್ತ್ರೀ ಶಿಕ್ಷಕಿ, ಉಡುಪು ಬದಲಿಸಲು ಬಾಗಿಲಿರುವ ಕೋಣೆ, ಇಷ್ಟಿದ್ದರೆ ತಾಯಂದಿರು ತಾವೇ ಕರೆತರುವರು. ಅಬ್ಬೆತುಮಕೂರಿನ ಅಜ್ಜಿಯೂ ಮೊಮ್ಮಗಳು ಮೇಲೆ ಬರುವ ವರೆಗೆ ಕಣ್ಣು ತೆಗೆಯದೆ ನೋಡುತ್ತಲೇ ಇದ್ದಳು. ಬೈಯುವಾಗ ಆಕೆಯ ತುಟಿಯ ಮೇಲೆ ನಗೆಯೂ ಇತ್ತು.

ಆದರೆ ಉತ್ಸಾಹದಲ್ಲಿ ಒಂದು ಅನರ್ಥವಾಗದಂತೆ ಎಚ್ಚರಿಸುವದು ನಮ್ಮ ಕರ್ತವ್ಯ. ಈ ಲೇಖನವನ್ನು ಓದಿ ಯಾವನಾದರೂ ಅಧಿಕಾರಿಯು ಇರುವ ಈಜುಕೊಳದ ದಂಡೆಗೆ ಒಂದು ಹಲಗೆಯನ್ನು ಬಿಗಿಸಿ ಭಾವಚಿತ್ರ ತೆಗೆಸಿಕೊಂಡರೆ ಅದು ಕೊಲೆಗೆ ಸಮ. ಮೂರು ಮೀಟರ್ ಹಲಗೆಯ ಕೆಳಗೆ ನಾಲ್ಕು ಮೀಟರಿನಷ್ಟು ಆಳದ ನೀರು ಬೇಕು. ನಮ್ಮ ಊರುಗಳ ಸಾಮಾನ್ಯ ಕೊಳಗಳು ಆಳೆತ್ತರಕ್ಕೆ ಮುಗಿಯುತ್ತವೆ. ಅಂಥಲ್ಲಿ ತಲೆ ಮುಂದಾಗಿ ಧುಮುಕಿದವರ ಕತ್ತಿನ ಎಲುಬು ಮುರಿದು ಆಯುಷ್ಯವೆಲ್ಲ ಹಾಸಿಗೆ ಹಿಡಿದದ್ದುಂಟು. ಆದಕಾರಣ ಡೈವಿಂಗಿನ ಕೊಳವು ಬೇರೆಯೇ ಆಗಿರಬೇಕು. ಅದು ಉದ್ದಗಲಗಳಲ್ಲಿ ದೊಡ್ಡದಾಗಬೇಕಾಗಿಲ್ಲ, ಆಳವಾಗಿದ್ದರೆ ಸಾಕು. ನಮ್ಮ ಹೊಲದ ಬಾವಿಗಳನ್ನು ತೋಡಿದ ಜನರಿಗೆ ಇದು ತಿಳಿಯದ ವಿದ್ಯೆಯಲ್ಲ. ಮತ್ತು ಕೊಳವಾಗುವ ವರೆಗೆ ಕೈ ಕಟ್ಟಿ ಕುಳಿತುಕೊಳ್ಳಬೇಕಾಗಿಲ್ಲ. ಮೊದಲ ಎರಡು ವರ್ಷಗಳ ಕಲಿಕೆಯಲ್ಲಿ ಬಹುಭಾಗವು ಒಣ ನೆಲದ್ದೇ: ಒಂದು ಮಾಳಿಗೆಯ ಮನೆ, ದಪ್ಪ ಮೆತ್ತೆಗಳು, ನೆಲಕ್ಕೆ ಹೂಡಿದ ಒಂದು ಚಿಮ್ಮುಹಲಗೆ, ಸೊಂಟಕ್ಕೆ ಬಿಗಿಯುವ ಹಗ್ಗ–ರಾಟೆ, ಮತ್ತು ಎಲ್ಲಕ್ಕೂ ಮಿಗಿಲಾಗಿ ಬಲ್ಲ ಒಬ್ಬ ಶಿಕ್ಷಕಿ. ಜಿಲ್ಲೆಯ ಕ್ರೀಡಾಂಗಣದ ಒಂದು ಮೂಲೆಯಲ್ಲಿ ಇದಕ್ಕೆ ಸ್ಥಳವಾದೀತು.

ಯಾದಗಿರಿಯು 2010ರಲ್ಲಿ ಕಲಬುರ್ಗಿಯಿಂದ ಬೇರೆಯಾಗಿ ಸ್ವಂತ ಜಿಲ್ಲೆಯಾಯಿತು. ಸಂವಿಧಾನದ 371 (ಜೆ) ಅನುಚ್ಛೇದದ ಬಲದಿಂದ ಈ ಪ್ರದೇಶಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿಯೂ ಹಣವೂ ಬಂದಿವೆ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕಚೇರಿಯೂ ಉಂಟು. ಮಂಡಳಿಯವರೂ ಇಲಾಖೆಯವರೂ ಕೂಡಿ ಮಾಡಬೇಕಾದ ಮೊದಲನೆಯ ಕೆಲಸಕ್ಕೆ ಒಂದು ಬಿಡಿಗಾಸಿನ ಮಂಜೂರಾತಿಯೂ ಬೇಕಾಗಿಲ್ಲ. ದೈಹಿಕ ಶಿಕ್ಷಕಿಯರು ನಾಲ್ಕೈದು ಜನರನ್ನು ಬೆಳಗಿನ ರೈಲಿಗೆ ಹತ್ತಿಸಿ ಸೊಲ್ಲಾಪುರಕ್ಕೆ ಕಳಿಸಲಿ. ಹುಡುಗಿಯರಿಗೆ ಯಾವ ಪ್ರಾಯದಲ್ಲಿ ಕಲಿಸತೊಡಗುತ್ತಾರೆ, ವೇಳೆಯನ್ನು ಹೇಗೆ ಹಂಚುತ್ತಾರೆ, ಮನೆಯವರನ್ನು ಹೇಗೆ ಒಪ್ಪಿಸಿದರು, ಕಲಿಸುವವರಿಗೆ ಸಂಬಳ ಎಲ್ಲಿಂದ ಬರುತ್ತದೆ ಎಂಬದನ್ನು ಕಣ್ಣಾರೆ ಕಂಡು ಕಿವಿಯಾರೆ ಕೇಳಿ ಬರಲಿ. ಅವರಲ್ಲಿ ಕನ್ನಡ ಬಲ್ಲವರು ಸಿಕ್ಕೇ ಸಿಗುವರು, ಭಾಷೆಯ ತೊಡಕಿಲ್ಲ. ಬೇಸಿಗೆ ಬಂದು ಬಾವಿಗಳ ಕಟ್ಟೆಗಳ ಮೇಲೆ ಮಕ್ಕಳು ನೆರೆಯುವ ದಿನಗಳಲ್ಲಿ ಅದೇ ಶಿಕ್ಷಕಿಯರು ಹಳ್ಳಿಗಳ ಕಡೆಗೆ ಒಂದು ಸುತ್ತು ಬರಲಿ. ಮಧ್ಯಾಹ್ನ, ಗಂಡುಹುಡುಗರು ಮರದ ನೆರಳಿಗೆ ಹೋದ ಮೇಲೆ ಹೋದರೆ ಒಳ್ಳೆಯದು.